ಚಕ್ಕುಬಂದಿಯಿಲ್ಲದ ಆಸ್ತಿ

ಅಂಗಡಿಗೆ ಹೋಗಿ ಒಂದು ಡಿಸ್ಕ್ ತಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಮುಗಿಯುವ ಕೆಲಸವನ್ನು ಅಷ್ಟಕ್ಕೇ ಮುಗಿಸಲು ಸಾಹೇಬರು ಒಪ್ಪಲಿಲ್ಲ. ಒಪ್ಪಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಅವರ ಮರ್ಯಾದೆ ಮೂರಾಬಟ್ಟೆಯಾಗುತ್ತಲೂ ಇರಲಿಲ್ಲ.

ಸಾಹೇಬರು ಎಂದರೆ ನಿಜವಾದ ಸಾಹೇಬರೇನಲ್ಲ. ದೊಡ್ಡ ಕಚೇರಿಯೊಂದರ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ತಣ್ಣನೆಯ ಕೋಣೆಯೊಳಗೆ ಗುಂಯ್‌ಗುಡುವ ಸರ್ವರುಗಳನ್ನು ನೋಡಿಕೊಳ್ಳುವುದು ಅವರ ಉದ್ಯೋಗ. ಅಲ್ಲಿ ಯಾರಿಗೆ ಒಂದಿಷ್ಟು ಜಾಗ ಬೇಕೆಂದರೂ ಇವರ ಮುಂದೆ ಕೈಕಟ್ಟಿ ನಿಲ್ಲಬೇಕು. ಆ ಠೀವಿಯನ್ನು ಅವರು ಸಂಜೆ ಮನೆಗೂ ಹೊತ್ತು ತರುತ್ತಿದ್ದುದರಿಂದ ಹೆಂಡತಿಯೇ ಈ ಬಿರುದು ದಯಪಾಲಿಸಿದ್ದಳು. (ಬಿರುದಿನ ಜೊತೆಗೆ ಅಧಿಕಾರವೇನೂ ಬರಲಿಲ್ಲ.)

ಆ ಭಾನುವಾರ ಬೆಳಗ್ಗೆ ಎಂಟಕ್ಕೆ ಹೆಂಡತಿಯ ಕೋಣೆಯಿಂದ ಕೂಗು ಎದ್ದಿತು. ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಕೊಡೆ ಕಳೆದುಕೊಂಡ ಕರಡಿಯ ಕಥೆ, ಮೂವತ್ತೆರಡು ಪುಟ, ಮೂರು ತಿಂಗಳ ದುಡಿಮೆ. ಮೂವತ್ತೊಂದು ಪುಟ ಮುಗಿದಿತ್ತು. ಕೊನೆಯ ಪುಟವನ್ನು ಉಳಿಸಿಡಲು ಹೋದರೆ ಕಂಪ್ಯೂಟರು 'ಜಾಗವಿಲ್ಲ' ಎಂದು ಕೈ ಅಲ್ಲಾಡಿಸಿಬಿಟ್ಟಿತು. ಸಂಜೆ ಐದರೊಳಗೆ ಚಿತ್ರಗಳೆಲ್ಲ ಪ್ರಕಾಶಕಿಯ ಕೈ ಸೇರದಿದ್ದರೆ ಪುಸ್ತಕ ಬೇರೆ ಚಿತ್ರಗಾರರ ಪಾಲಾಗುತ್ತಿತ್ತು.

"ರೀ, ಅಂಗಡಿ ತೆಗೀತಿದ್ದ ಹಾಗೆ ಹೋಗಿ ಒಂದು ಡಿಸ್ಕ್ ತಂದುಬಿಡಿ. ಅದರಲ್ಲಿ ಹಾಕ್ಕೊಂಡು ಮುಗಿಸ್ತೀನಿ."

"ತರ್ತೀನಿ. ಆದ್ರೆ ಸುಮ್ನೆ ತಂದು ಸಿಕ್ಕಿಸಿಬಿಡೋದು ಅನಾಗರಿಕರ ಪದ್ಧತಿ," ಎಂದರು ಸಾಹೇಬರು, ಎದೆ ಸೆಟೆಸಿ. "ಹಳೇ ಡಿಸ್ಕು, ಹೊಸ ಡಿಸ್ಕು ಎರಡನ್ನೂ ಕೂಡಿಸಿ ಒಂದೇ ರಾಶಿ ಮಾಡ್ತೀನಿ. ಆ ರಾಶಿಯಿಂದ ಯಾರಿಗೆ ಎಷ್ಟು ಬೇಕೋ ಅಷ್ಟು ಪಾಲು ಕತ್ತರಿಸಿ ಕೊಡ್ತೀನಿ. ಲಾಜಿಕಲ್ ವಾಲ್ಯೂಮ್ ಅಂತಾರೆ ಇದಕ್ಕೆ. ನಾಳೆ ಸಾಲದೇ ಹೋದ್ರೆ ಹಿಗ್ಗಿಸಬಹುದು. ಮೌಸ್ ಮುಟ್ಟೋ ಹಾಗೇ ಇಲ್ಲ, ಎಲ್ಲಾ ಕಮಾಂಡಲ್ಲೇ!"

"ನನಗೆ ಹಿಗ್ಗೋದೇನೂ ಬೇಡ. ಸಂಜೆ ಐದಕ್ಕೆ ಚಿತ್ರ ಹೋದ್ರೆ ಸಾಕು."

"ಮಧ್ಯಾಹ್ನದ ಊಟಕ್ಕೆ ಮುಂಚೆ ನಿನ್ನ ಪಾಲು ನಿನ್ನ ಕೈಲಿರುತ್ತೆ."

'ಪಾಲು' ಎಂಬ ಎರಡಕ್ಷರ ಕಿವಿಗೆ ಬಿದ್ದದ್ದೇ ತಡ, ಪಕ್ಕದ ಕೋಣೆಯಿಂದ ಅತ್ತೆ ಬಂದರು. ಸಾಹೇಬರ ಅತ್ತೆ, ಅಂದರೆ ಹೆಂಡತಿಯ ತಾಯಿ, ಮೂವತ್ತು ವರ್ಷ ನೋಂದಣಿ ಕಚೇರಿಯಲ್ಲಿ ಪಾಲುಪಟ್ಟಿ ಬರೆದು ನಿವೃತ್ತರಾದವರು. ಅಣ್ಣತಮ್ಮಂದಿರು ಏಣಿಯ ಮೆಟ್ಟಿಲನ್ನೂ ಎಣಿಸಿ ಹಂಚಿಕೊಂಡದ್ದನ್ನು ಕಣ್ಣಾರೆ ಕಂಡವರು. ನಿವೃತ್ತಿಯಾದ ಮೇಲೆ ಹಂಚಲು ಏನೂ ಸಿಗದೆ ಅವರಿಗೆ ಕೈ ಕಟ್ಟಿಹಾಕಿದಂತಾಗಿತ್ತು. ಉದ್ದನೆಯ ನೋಟ್‌ಬುಕ್ಕು, ಪೆನ್ನು, ಕನ್ನಡಕ ಸಮೇತ ಅಳಿಯನ ಪಕ್ಕದಲ್ಲಿ ಕುರ್ಚಿ ಎಳೆದು ಕೂತರು.

"ಹಕ್ಕುದಾರರು ಎಷ್ಟು ಜನ ಅಳಿಯಂದ್ರೆ?"

"ಮೂರು ಅತ್ತೆ. ಅವಳ ಚಿತ್ರಕ್ಕೊಂದು, ನಂಗೊಂದು, ನಿಮ್ಮ ಫೋಟೋ, ವ್ಯಾಯಾಮದ ವಿಡಿಯೊಗೆ ಒಂದು."

"ನಂಗೂ ಉಂಟಾ!" ಅತ್ತೆಯ ಮುಖ ಅರಳಿತು. "ಹಾಗಾದ್ರೆ ಚಕ್ಕುಬಂದಿ ಹೇಳಿ, ನಾಲ್ಕೂ ದಿಕ್ಕಿನ ಗಡಿ ಬರ್ಕೋತೀನಿ. ನನ್ನ ಭಾಗಕ್ಕೆ ಪೂರ್ವದಲ್ಲಿ ಯಾರು?"

"ಇದಕ್ಕೆ ಪೂರ್ವ ಪಶ್ಚಿಮ ಇಲ್ಲ ಅತ್ತೆ. ನಿಮ್ಮ ಭಾಗ ಅರ್ಧ ಹಳೇ ಡಿಸ್ಕಲ್ಲಿ, ಅರ್ಧ ಹೊಸ ಡಿಸ್ಕಲ್ಲಿ ಬೇಕಾದ್ರೂ ಇರಬಹುದು. ಎಲ್ಲಿದೆ ಅಂತ ನಿಮಗೆ ಗೊತ್ತೇ ಆಗಲ್ಲ. ಅದೇ ಇದರ ಸೊಗಸು."

"ಎಲ್ಲಿದೆ ಅಂತ ಗೊತ್ತಾಗದ ಹಾಗೆ ಪಾಲು ಮಾಡೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ," ಎಂದು ಅತ್ತೆ 'ಚಕ್ಕುಬಂದಿ: ಇಲ್ಲ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ಸಾಹೇಬರು ಅಂಗಡಿಗೆ ಹೋಗಿ ನಾಲ್ಕು ಟೆರಾಬೈಟಿನ ಹೊಸ ಡಿಸ್ಕ್ ತಂದರು. ಹಳೆಯದು ಎರಡು ಟೆರಾಬೈಟಿನದು. ಎರಡನ್ನೂ ಕೂಡಿಸಬೇಕಾದರೆ ಹಳೆಯದನ್ನು ಮೊದಲು ಬರಿದು ಮಾಡಬೇಕು. ಆದ್ದರಿಂದ ಮೇಜಿನ ಡ್ರಾಯರಿನಲ್ಲಿ ಬಿದ್ದಿದ್ದ ಒಂದು ಟೆರಾಬೈಟಿನ ಪುಟ್ಟ ಡಿಸ್ಕನ್ನು ಹುಡುಕಿ ತೆಗೆದು, ಹೆಂಡತಿಯ ಚಿತ್ರಗಳನ್ನು ತಾತ್ಕಾಲಿಕವಾಗಿ ಅದಕ್ಕೆ ಸಾಗಿಸಿದರು. ಪುಟ್ಟ ಡಿಸ್ಕಿನ ಕಾಲು ಭಾಗವೂ ತುಂಬಲಿಲ್ಲ.

"ಒಂದು ಮಾತು," ಅತ್ತೆ ಪೆನ್ನು ಎತ್ತಿದರು. "ಎರಡರ ಹಳೇ ಡಿಸ್ಕು ತುಂಬಿ ತುಳುಕ್ತಿತ್ತು ಅಂದ್ರಿ. ಅದರಲ್ಲಿದ್ದದ್ದು ಈ ಒಂದರ ಪುಟ್ಟ ಡಿಸ್ಕಿನ ಮೂಲೇಲಿ ಹೇಗೆ ಹಿಡೀತು?"

"ಅದು... ಒತ್ತಿ ತುಂಬಿದ್ದು ಅತ್ತೆ."

(ಒತ್ತಿ ತುಂಬಿರಲಿಲ್ಲ. ಹಳೆಯ ಡಿಸ್ಕಿನಲ್ಲಿ ಬೇರೆ ಏನೇನೋ ಇತ್ತು. ಅದು ಅಳಿಸಿಹೋಗಲಿ ಎಂದು ಸಾಹೇಬರು ಅಲ್ಲೇ ಬಿಟ್ಟಿದ್ದರು, ಮತ್ತು ಅದು ಏನೆಂದು ಅವರೊಬ್ಬರಿಗೇ ಗೊತ್ತಿತ್ತು.) ಅಳಿಯನ ಕಿವಿ ಕೆಂಪಾದದ್ದನ್ನು ಅತ್ತೆ ನೋಡಿದರು, ಬರೆದುಕೊಂಡರು.

ಕಂಪ್ಯೂಟರನ್ನು ಆರಿಸಿ, ಹೊಟ್ಟೆ ಬಿಚ್ಚಿ, ಹೊಸ ಡಿಸ್ಕನ್ನು ಕೂರಿಸಿ, ಮತ್ತೆ ಚಾಲೂ ಮಾಡಿದ್ದಾಯಿತು. ಪುಟ್ಟ ಡಿಸ್ಕ್ ಪಕ್ಕದಲ್ಲಿ ನೇತಾಡುತ್ತಲೇ ಇತ್ತು. ಇಲ್ಲೊಂದು ಸೂಕ್ಷ್ಮವಿದೆ. ಕಂಪ್ಯೂಟರು ಪ್ರತಿ ಸಲ ಏಳುವಾಗಲೂ ತನ್ನ ಡಿಸ್ಕುಗಳಿಗೆ ಹೊಸದಾಗಿ ಹೆಸರಿಡುತ್ತದೆ: ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ, ಹೀಗೆ. ಯಾರಿಗೆ ಯಾವ ಹೆಸರು ಎನ್ನುವುದು ಅದರ ಮರ್ಜಿ. ಕಚೇರಿಯಲ್ಲಾಗಿದ್ದರೆ ಸಾಹೇಬರು ಪಟ್ಟಿ ತೆಗೆದು, ಒಂದೊಂದರ ಗಾತ್ರವನ್ನೂ ಬೆರಳಿಟ್ಟು ನೋಡದೆ ಮುಂದಡಿ ಇಡುತ್ತಿರಲಿಲ್ಲ. ಆದರೆ ಅತ್ತೆಯ ಎದುರಿಗೆ ಪಟ್ಟಿ ನೋಡುವುದೆಂದರೆ ಪರೀಕ್ಷೆಯಲ್ಲಿ ಚೀಟಿ ನೋಡಿದಂತೆ ಎನಿಸಿತು ಅವರಿಗೆ. ಹಳೆಯದು ಎಸ್‌ಡಿಬಿ, ಹೊಸದು ಎಸ್‌ಡಿಸಿ ಎಂದು ಮನಸ್ಸಿನಲ್ಲೇ ನಾಮಕರಣ ಮಾಡಿ, ತೆರೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು, ಹತ್ತೂ ಬೆರಳಿನಿಂದ ಟಕಟಕ ಕುಟ್ಟಲಾರಂಭಿಸಿದರು.

"ಪಿವಿಕ್ರಿಯೇಟ್ ಅಂದ್ರೆ ಡಿಸ್ಕನ್ನ ರಾಶಿಗೆ ಸೇರಿಸೋಕೆ ತಯಾರು ಮಾಡೋದು ಅತ್ತೆ. ನೋಡಿ, ಇದರ ಮೇಲೆ ಹಳೇ ಗುರುತಿದೆ, ಒರೆಸಿಹಾಕಲಾ ಅಂತ ಕೇಳ್ತಿದೆ. ಹೌದು ಅನ್ನೋದಕ್ಕೆ ವೈ ಒತ್ತಬೇಕು."

ಒತ್ತಿದರು. ಎರಡನೆಯ ಡಿಸ್ಕಿಗೂ ಅದೇ ಕಮಾಂಡ್ ಕೊಟ್ಟರು. ಅದೂ ಅದೇ ಪ್ರಶ್ನೆ ಕೇಳಿತು. ಪ್ರಶ್ನೆ ಮುಗಿಯುವ ಮೊದಲೇ ಸಾಹೇಬರ ಬೆರಳು ವೈ ಮೇಲೆ ಕೂತಿತ್ತು.

"ಎರಡನೇದು ಹೊಸದಲ್ವಾ? ಅದರ ಮೇಲೆ ಹಳೇ ಗುರುತು ಎಲ್ಲಿಂದ ಬಂತು?"

"ಕಾರ್ಖಾನೆಯವರು ಏನಾದ್ರೂ ಹಾಕಿರ್ತಾರೆ ಬಿಡಿ ಅತ್ತೆ."

ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದು ಇಣುಕಿದಳು. "ಆಯ್ತೇನ್ರೀ?"

"ಇನ್ನೇನು, ಬಂತು."

"ಪರವಾಗಿಲ್ಲ, ನಿಧಾನವಾಗಿ ಮಾಡಿ," ಎಂದು ನಕ್ಕು ಹೋದಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವಳ ಬಾಯಲ್ಲಿ 'ನಿಧಾನವಾಗಿ ಮಾಡಿ' ಎಂಬ ಮಾತು ಬಂದದ್ದು ಅದೇ ಮೊದಲು. ಸಾಹೇಬರು ಅದನ್ನು ತಮ್ಮ ಪಾಂಡಿತ್ಯಕ್ಕೆ ಸಂದ ಗೌರವವೆಂದು ತಿಳಿದು, ವಿಜಿಕ್ರಿಯೇಟ್ ಎಂದು ಕುಟ್ಟಿ, ರಾಶಿಗೆ 'ಮನೆ' ಎಂದು ಹೆಸರಿಟ್ಟರು. ರಾಶಿಯ ಒಟ್ಟು ಅಳತೆ ತೆರೆಯ ಮೇಲೆ ಮೂಡಿತು.

"ಎರಡೂ ನಾಲ್ಕೂ ಆರು," ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಇದು ಮೂರೂ ಇಲ್ವಲ್ಲ?"

"ಅದು ಹಾಗೇ ಅತ್ತೆ. ಕಾರ್ಖಾನೆಯವರು ಸಾವಿರದ ಲೆಕ್ಕ ಹಿಡೀತಾರೆ, ಕಂಪ್ಯೂಟರು ಸಾವಿರದ ಇಪ್ಪತ್ತನಾಲ್ಕರ ಲೆಕ್ಕ. ಸ್ವಲ್ಪ ಕಮ್ಮಿ ಕಾಣುತ್ತೆ."

"ಸ್ವಲ್ಪ ಅಂದ್ರೆ ಅರ್ಧಕ್ಕರ್ಧವಾ? ನಮ್ಮ ಕಚೇರೀಲಿ ಇಷ್ಟು ಕಮ್ಮಿ ಬಂದಿದ್ರೆ ಅಲ್ಲೇ ನಿಲ್ಲಿಸಿ ಸರ್ವೆಯವರನ್ನ ಕರೆಸ್ತಿದ್ವಿ."

ಸಾಹೇಬರಿಗೆ ರೇಗಿತು. ರೇಗಿದ ಭರದಲ್ಲಿ ಎಲ್‌ವಿಕ್ರಿಯೇಟ್ ಎಂದು ಮೂರು ಸಲ ಕುಟ್ಟಿ ಮೂರು ಪಾಲು ಕತ್ತರಿಸಿದರು. ಪ್ರತಿಯೊಂದನ್ನೂ ಫಾರ್ಮ್ಯಾಟ್ ಮಾಡಿ ಗುಡಿಸಿ ಸಾರಿಸಿದಷ್ಟು ಚೊಕ್ಕಟಗೊಳಿಸಿದರು. (ಅವರ ಪಾಲು ಕೊಂಚ ದೊಡ್ಡದಾಗಿತ್ತು. ಅತ್ತೆ ಅದನ್ನೂ ಬರೆದುಕೊಂಡರು.) ಇನ್ನು ಉಳಿದದ್ದು ಪುಟ್ಟ ಡಿಸ್ಕಿನಿಂದ ಚಿತ್ರಗಳನ್ನು ತಂದು ತುಂಬುವ ಮಂಗಳಕಾರ್ಯ.

ಪುಟ್ಟ ಡಿಸ್ಕ್ ತೆರೆಯಲೇ ಇಲ್ಲ. ಎಳೆದು ಮತ್ತೆ ಚುಚ್ಚಿದರು, ಊದಿದರು, ಒರೆಸಿದರು. ಕೊನೆಗೆ, ಬೆಳಗ್ಗೆಯೇ ನೋಡಬೇಕಿದ್ದ ಪಟ್ಟಿಯನ್ನು ಮಧ್ಯಾಹ್ನ ಮೂರಕ್ಕೆ ತೆಗೆದು ನೋಡಿದರು. ನಾಲ್ಕು ಟೆರಾಬೈಟಿನ ಹೊಸ ಡಿಸ್ಕು ಎಸ್‌ಡಿಡಿ ಎಂಬ ಹೆಸರಿನಲ್ಲಿ, ಯಾರೂ ಮುಟ್ಟದೆ, ಖಾಲಿ ಕೂತಿತ್ತು. ಅವರು ಒರೆಸಿದ್ದು ಹಳೆಯ ಡಿಸ್ಕನ್ನು, ಮತ್ತು ಚಿತ್ರಗಳಿದ್ದ ಪುಟ್ಟ ಡಿಸ್ಕನ್ನು. ಅಸಲೂ ಹೋಯಿತು, ನಕಲೂ ಹೋಯಿತು.

ಸಾಹೇಬರಿಗೆ ಆ ಕರಡಿಯ ಒಂದು ಕಿವಿ ಸರಿಬರಲಿಲ್ಲವೆಂದು ಅವಳು ಹನ್ನೊಂದು ಸಲ ಅಳಿಸಿ ಬರೆದದ್ದು ನೆನಪಾಯಿತು. ಅದಕ್ಕಾಗಿ ಎರಡು ದಿನ ಊಟದ ಹೊತ್ತಿಗೂ ಎದ್ದು ಬಂದಿರಲಿಲ್ಲ ಅವಳು. ಅಳುವುದು ದೂರದ ಮಾತು, ಕಣ್ಣು ಒದ್ದೆಯಾದರೂ ಧೂಳೆಂದು ಹೇಳುವ ಜಾತಿ ಅವರದು. ಈಗ ಧೂಳಿನ ನೆಪವನ್ನೂ ಹೇಳದೆ ಅತ್ತೆಯ ಕಡೆ ತಿರುಗಿದರು.

"ಅತ್ತೆ, ನೀವೇ ಒಂದು ಮಾತು ಹೇಳಿಬಿಡ್ತೀರಾ ಅವಳಿಗೆ?"

"ನಾನು ಬರೆಯೋಳು ಮಾತ್ರ ಅಳಿಯಂದ್ರೆ. ಒಪ್ಪಿಗೆ ಕೊಟ್ಟೋರು ನೀವು."

ಹೆಂಡತಿ ಊಟದ ಮೇಜಿನ ಬಳಿ ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿ, ಕಿತ್ತಳೆ ಸುಲಿದು ಒಂದೊಂದೇ ತೊಳೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಸಾಹೇಬರು ಅವಳೆದುರು ಕೈಕಟ್ಟಿ ನಿಂತರು.

"ನಿನ್ನ ಚಿತ್ರ ಎಲ್ಲಾ ಹೋಯ್ತು ಕಣೇ. ನಾನೇ ಅಳಿಸಿಬಿಟ್ಟೆ. ಅಸಲೂ ನಾನೇ, ನಕಲೂ ನಾನೇ."

ಅವಳು ಅಗಿಯುವುದನ್ನು ನಿಲ್ಲಿಸಿ ನೋಡಿದಳು. ಆ ನೋಟಕ್ಕೆ ಸಾಹೇಬರ ಕಟ್ಟೆ ಒಡೆಯಿತು.

"ಎಲ್ಲಾ ಹೇಳಿಬಿಡ್ತೀನಿ. ಜಾಗ ತುಂಬಿದ್ದು ನಿನ್ನ ಚಿತ್ರದಿಂದ ಅಲ್ಲ. ಪ್ರತಿ ಶುಕ್ರವಾರ ನನ್ನ ಕಂಪ್ಯೂಟರಿನ ಪೂರ್ತಿ ನಕಲು ತೆಗೆದು ನಿನ್ನ ಡಿಸ್ಕಿಗೆ ತುಂಬ್ತಾ ಇದ್ದೆ. 'ಬೇಕಾಗಬಹುದು ಒಂದು', 'ಬೇಕಾಗಬಹುದು ಎರಡು' ಅಂತ... ನಲವತ್ಮೂರು ಆಗಿತ್ತು. ಒಂದನ್ನೂ ಅಳಿಸಿರಲಿಲ್ಲ. ನಿನಗೆ ಗೊತ್ತಾದ್ರೆ ಬೈತೀಯ ಅಂತ, ರಾಶಿ ಮಾಡೋ ನೆಪದಲ್ಲಿ ಅದೆಲ್ಲ ಸದ್ದಿಲ್ಲದೆ ಹೋಗಲಿ ಅಂದ್ಕೊಂಡೆ. ತಪ್ಪಾಯ್ತು."

ಹೆಂಡತಿ ಇನ್ನೊಂದು ತೊಳೆ ಬಾಯಿಗಿಟ್ಟುಕೊಂಡಳು. "ಚಿತ್ರ ಎರಡು ಗಂಟೆಗೇ ಕಳಿಸಿದೆ. ಪ್ರಕಾಶಕಿ ಫೋನ್ ಮಾಡಿ, ಕರಡಿ ಕಿವಿ ಚೆನ್ನಾಗಿ ಬಂದಿದೆ ಅಂದ್ರು."

"ಆಂ?"

"ನೀವು ಅಂಗಡಿಗೆ ಹೊರಟಿದ್ದೇ ತಡ, ಮೊದಲು ನಕಲು ತೆಗೆದಿಟ್ಕೋ ಅಂತ ಅಮ್ಮ ಬೆನ್ನು ಹತ್ತಿದ್ಲು. ಅವಳ ಕಚೇರೀಲಿ ನಕಲು ತೆಗೀದೆ ಅಸಲು ಯಾರ ಕೈಗೂ ಕೊಡ್ತಿರಲಿಲ್ವಂತೆ. ಅಮ್ಮನ ಲ್ಯಾಪ್‌ಟಾಪಿಗೆ ಹಾಕ್ಕೊಂಡೆ. ಕೊನೇ ಪುಟನೂ ಅದರಲ್ಲೇ ಮುಗಿಸಿದೆ."

ಸಾಹೇಬರು ಪಕ್ಕದ ಕುರ್ಚಿಯಲ್ಲಿ ದೊಪ್ಪನೆ ಕುಸಿದರು. ಹೋದ ಜೀವ ಬಂದಂತಾಯಿತು. ಬಂದ ಜೀವಕ್ಕೆ ಮರುಗಳಿಗೆಯೇ ಸಿಟ್ಟೂ ಬಂತು. "ಮತ್ತೆ ನಾನು ಹೇಳ್ತಾ ಇದ್ದಾಗ ತಡೀಬಾರದಿತ್ತೇನೆ?"

"ತಡೀಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಶುಕ್ರವಾರದ ವಿಷಯ ಶುರುವಾಯ್ತು." ಸಿಪ್ಪೆಯನ್ನು ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿದಳು. "ಅಂದ್ರೆ, ಬೆಳಗ್ಗೆ ಆ ನಲವತ್ಮೂರನ್ನ ಅಳಿಸಿದ್ರೆ ಸಾಕಿತ್ತು?"

"ಹೂಂ."

"ಹೊಸ ಡಿಸ್ಕೂ ಬೇಕಿರಲಿಲ್ಲ?"

"ಉಹೂಂ."

"ಅದಕ್ಕೆ ಎಷ್ಟು ಕಮಾಂಡ್ ಕೊಡಬೇಕು?"

ಸಾಹೇಬರು ನೆಲ ನೋಡುತ್ತ, ತುಟಿಯೊಳಗೇ ಗೊಣಗಿದರು. "ಒಂದು."

ಬೆನ್ನ ಹಿಂದೆ ನೋಟ್‌ಬುಕ್ಕಿನ ಹಾಳೆ ಮಗುಚಿದ ಸದ್ದಾಯಿತು.

"ಸ್ವಲ್ಪ ಗಟ್ಟಿಯಾಗಿ ಹೇಳಿ ಅಳಿಯಂದ್ರೆ," ಎಂದರು ಅತ್ತೆ, "ಬರ್ಕೋತಾ ಇದ್ದೀನಿ."