ಕೆಂದಿಯ ಗೃಹಪ್ರವೇಶ

ಜಯದೇವಪ್ಪ: ಹುಟ್ಟಿದಾಗಿಂದ ಇದರೊಳಗೇ ಮಲಗಿದ್ದ ಹಸುಗೆ ಇನ್ನೆಂಥ ಗೃಹಪ್ರವೇಶನೇ, ರುದ್ರಾಣಿ?

ರುದ್ರಾಣಿ: ಆಗ ಇದು ಕೊಟ್ಟಿಗೆ, ಈಗ ಮನೆ. ಹೊಸ ಮನೆಗೆ ಮೊದ್ಲು ಹಸು ಕಾಲಿಡಬೇಕು. ಆಮ್ಯಾಲೆ ನಾವು.

ಜಯದೇವಪ್ಪ: ಗೋಡೆ ಅವೇ, ತೊಲೆ ಅವೇ!

ರುದ್ರಾಣಿ: ಹಂಗಾದ್ರೆ ಹೆಣ್ಣಿನ ಕಡೆಯೋರಿಗೆ ‘ಕೊಟ್ಟಿಗೆಯಾಗೆ ಕೂತ್ಕೊಳ್ರಿ’ ಅನ್ರಿ.

ಜಯದೇವಪ್ಪ, ರುದ್ರಾಣಿ ದಂಪತಿಯ ಮಗ ಬೆನಕಪ್ಪನಿಗೆ ಬಹಳ ದಿನಕ್ಕೆ ಕೂಡಿಬಂದ ಸಂಬಂಧ ಅದು. ಹೆಣ್ಣಿನ ತಂದೆ, ಚನ್ನಗಿರಿಯ ನಾಗೇಂದ್ರಪ್ಪನವರು, ಮನೆ ನೋಡಲು ಆ ದಿನವೇ ಸಂತೇಬೆನ್ನೂರಿಗೆ ಬರುವವರಿದ್ದರು. ಇದ್ದ ಮನೆಯೋ ನಾಲ್ವರು ಕುಳಿತರೆ ಐದನೆಯವರು ಬಾಗಿಲಲ್ಲಿ ನಿಲ್ಲುವಂಥದ್ದು. ಅದಕ್ಕೇ ಜಯದೇವಪ್ಪ ದನಗಳನ್ನು ಹಿತ್ತಲ ಚಪ್ಪರಕ್ಕೆ ಅಟ್ಟಿ, ಪಕ್ಕದ ಹಳೆಯ ಕೊಟ್ಟಿಗೆಗೆ ಮಂಗಳೂರು ಹೆಂಚು, ಗಾಜಿನ ಕಿಟಕಿ, ಮುಖ ಕಾಣುವಂಥ ಕೆಂಪು ಗಾರೆಯ ನೆಲ ಎಲ್ಲ ಮಾಡಿಸಿ, ‘ಬಂಗಲೆ’ ಎಂದು ಹೆಸರಿಟ್ಟಿದ್ದ.

ಪೀರ್‌ಸಾಬ್ (ಗಾರೆ ಮೇಸ್ತ್ರಿ): ನೆಲಕ್ಕೆ ನಿನ್ನೆ ತಾನೇ ಎಣ್ಣೆ ಹಾಕಿ ಉಜ್ಜೀನಿ, ಯಜಮಾನ್ರೇ. ಹಸು ಜಾರಿದ್ರೆ ನನ್ನ ಬೈಬ್ಯಾಡ್ರಿ.

ರುದ್ರಾಣಿ: ಹಸು ಜಾರಲ್ಲ. ನಿನ್ನೆ ಜಾರಿದ್ದು ಇವರು.

ಜಯದೇವಪ್ಪ: ಸಗಣಿ ಹಾಕಿದ್ರೆ?

ರುದ್ರಾಣಿ: ಶುಭ.

ಜಯದೇವಪ್ಪ: ಗಂಜಲ ಹೊಯ್ದ್ರೆ?

ರುದ್ರಾಣಿ: ಇನ್ನೂ ಶುಭ.

ಪೀರ್‌ಸಾಬ್: ಹಂಗಾದ್ರೆ ನಾನು ಇಲ್ಲಿಂದ ಗಾಡಿಗಟ್ಟಲೆ ಶುಭ ಬಾಚಿ ಹೊರಗೆ ಹಾಕೀನಲ್ರೀ ಅಮ್ಮಾರೇ!

ಕೊನೆಗೆ ಕೆಂದಿಗೆ ಅರಿಸಿನ ಕುಂಕುಮ ಹಚ್ಚಿ ಒಳಗೆ ಬಿಟ್ಟರು. ಕೆಂದಿ ಹೆಂಚನ್ನೂ ನೋಡಲಿಲ್ಲ, ಗಾಜನ್ನೂ ನೋಡಲಿಲ್ಲ. ನೆಟ್ಟಗೆ ತನ್ನ ಹಳೆಯ ಮೂಲೆಗೆ ನಡೆಯಿತು. ಮೇವು ತಿನ್ನುತ್ತಿದ್ದ ಗೋದಲಿಯ ಜಾಗದಲ್ಲಿ ಈಗ ನಾಗೇಂದ್ರಪ್ಪನವರಿಗೆಂದು ತಂದ ಕುರ್ಚಿ ಇತ್ತು. ಅದರ ಮೆತ್ತೆಯನ್ನು ಮೂಸಿತು. ಒಳಗೆ ತುಂಬಿದ್ದುದು ಹುಲ್ಲು! ಮೆತ್ತೆಯನ್ನು ಹರಿದು, ತಿಂದು, ಮೆಲುಕು ಹಾಕುತ್ತ ಮಲಗಿಯೇಬಿಟ್ಟಿತು.

ಜಯದೇವಪ್ಪ: ಎಬ್ಬಿಸೋ ಪೀರ್‌ಸಾಬ್!

ಪೀರ್‌ಸಾಬ್: ಹಗ್ಗ ಎಳೆದಂಗೆಲ್ಲ ನಾನೇ ಅದರ ಹತ್ರ ಹೊಂಟೀನಿ, ಯಜಮಾನ್ರೇ!

ರುದ್ರಾಣಿ: ಬಿಡ್ರಿ, ಮುಟ್ಟಬ್ಯಾಡ್ರಿ! ಪ್ರವೇಶ ಮಾಡಿದ ಹಸುನ ಹೊರಗೆ ಅಟ್ಟಿದ್ರೆ ಲಕ್ಷ್ಮಿನೇ ಅಟ್ಟಿದಂಗೆ. ತಾನಾಗೇ ಎದ್ದು ಹೋಗ್ಲಿ.

ಜಯದೇವಪ್ಪ: ತಾನಾಗೇ ಏಳೋದು ನಾಳೆ ಹಾಲು ಕರೆಯೋ ಹೊತ್ತಿಗೆ! ಹೆಣ್ಣಿನ ಕಡೆಯೋರು ಬರೋ ಆ ಇದ್ದಿಲು ಬಸ್ಸು ದಾರಿಯಾಗೆ ಕೆಟ್ಟು ನಿಲ್ಲಲಿ, ದೇವ್ರೇ…

ಯುದ್ಧ ಶುರುವಾಗಿ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡತೊಡಗಿದಾಗಿನಿಂದ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಾರದ ಬಸ್ಸು ಅಂದು ಮುಂಚಿತವಾಗಿಯೇ ಬಂದಿತ್ತು. ನಾಗೇಂದ್ರಪ್ಪನವರು ಹೊಸ್ತಿಲಲ್ಲಿ ನಿಂತು ಹೆಂಚು ನೋಡಿದರು, ಗಾಜು ನೋಡಿದರು, ನೆಲ ನೋಡಿದರು, ಕೆಂದಿಯನ್ನು ನೋಡಿದರು.

ನಾಗೇಂದ್ರಪ್ಪ: ಏನ್ರೀ ಜಯದೇವಪ್ನೋರೇ, ಕೊಟ್ಟಿಗೆಗೆ ಗಾಜಿನ ಕಿಟಕಿನಾ!

ಜಯದೇವಪ್ಪ: ಅದು… ಏನಂದ್ರೆ…

ರುದ್ರಾಣಿ: ದನಕ್ಕೂ ಗಾಳಿ ಬೆಳಕು ಬ್ಯಾಡೇನ್ರಿ, ಅಣ್ಣಾರೇ?

ನಾಗೇಂದ್ರಪ್ಪ: ದನಾನೇ ಹಿಂಗೆ ಇಟ್ಟೋರು ನನ್ನ ಮಗಳನ್ನ ಹೆಂಗೆ ಇಟ್ಕೊಂಡಾರು! ಇನ್ನು ಮನೆ ನೋಡೋ ಮಾತೇ ಇಲ್ಲ. ತಗೊಳ್ರಿ ವೀಳ್ಯ, ಬೀಗರೇ! ಲಗ್ನಕ್ಕೆ ಬಂದಾಗ ನಮ್ಮ ನೆಂಟ್ರಿಗೆಲ್ಲ ಮೊದ್ಲು ಈ ಕೊಟ್ಟಿಗೆನೇ ತೋರಿಸ್ಬೇಕು.

ಬೀಗರು ಕಾಲು ತೊಳೆಯಲು ಹೊರಟರು. ಜಯದೇವಪ್ಪ ಕೈಯಲ್ಲಿ ವೀಳ್ಯ ಹಿಡಿದು ತನ್ನ ಬಂಗಲೆಯನ್ನು ಒಮ್ಮೆ ಕಣ್ತುಂಬ ನೋಡಿದ.

ಪೀರ್‌ಸಾಬ್ (ಮೆಲ್ಲಗೆ): ಗೋದಲಿ ಮತ್ತೆ ಕಟ್ಟಬೇಕಲ್ರೀ, ಯಜಮಾನ್ರೇ. ಅದಕ್ಕೂ ಕೆಂಪು ಗಾರೆನೇ ಹಾಕ್ಲಾ?