ಬೇಜಾರಿಗೆ ಹತ್ತರಿಂದ ನಾಲ್ಕರವರೆಗೆ ಚಿಕಿತ್ಸೆ

ತಪ್ಪು ನೂರಕ್ಕೆ ನೂರು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇಜಾರಾಗಿದೆ ಎಂದು ಆಸ್ಪತ್ರೆಗೆ ಹೋದ ರಾಜಾಜಿನಗರದ ಪ್ರಪ್ರಥಮ ಪದವೀಧರ ನಾನು!

ಬಿ.ಕಾಂ. ಮುಗಿದು ಎರಡು ವರ್ಷ, ಅಪ್ಪ ತೀರಿಕೊಂಡು ಒಂದು ವರ್ಷ. ಮನೆಯಲ್ಲಿ ಅಮ್ಮ, ನಾನು. ಕೈಯಲ್ಲಿದ್ದ ಕೆಲಸವೆಂದರೆ ವಠಾರದವರ ಮಿಮಿಕ್ರಿ ಮಾಡುವುದೊಂದೇ. ಕೊನೆಗೆ ಅದೂ ಬೇಜಾರಾಯಿತು.

"ಎಷ್ಟು ದಿನದಿಂದ ಬೇಜಾರು?" ಎಂದರು ಡಾಕ್ಟರು.

"ಬೇಜಾರಾಗಿ ಎಣಿಸೋದು ಬಿಟ್ಟೆ ಸಾರ್."

ಅವರು ನಗಲಿಲ್ಲ. "ಅಡ್ಮಿಟ್ ಆಗೋದು ಬೇಡ. ಎರಡು ತಿಂಗಳು ದಿನಾ ಹತ್ತಕ್ಕೆ ಬನ್ನಿ. ಗುಂಪಲ್ಲಿ ಕೂತು ಮಾತಾಡಿ, ನಾಲ್ಕಕ್ಕೆ ಮನೆಗೆ ಹೋಗಿ."

ಮರುದಿನ ಇಸ್ತ್ರಿ ಷರ್ಟು ತೊಟ್ಟು ಹೊರಟೆ. ಅಮ್ಮ ಕಣ್ಣರಳಿಸಿ, "ಕೆಲಸ ಸಿಕ್ತೇನೋ?" ಎಂದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಊರವರ ದನಿಯೆಲ್ಲ ಬರುವ ಬಾಯಿ!

ಸಂಜೆಯೊಳಗೆ ವಠಾರಕ್ಕೆಲ್ಲ ಕೇಸರಿಬಾತು ಹಂಚಿಕೆಯಾಗಿತ್ತು.

"ಏನಪ್ಪಾ ಕೆಲಸ?" ಎಂದರು ಪಕ್ಕದ ಮನೆಯ ಪದ್ಮಾ ಆಂಟಿ.

"ಕೂತ್ಕೊಂಡು ಮಾತಾಡೋದು ಆಂಟಿ."

"ನಾಲ್ಕಕ್ಕೇ ಬೇರೆ ಬಿಡ್ತಾರೆ! ಹಾಗಾದ್ರೆ ಆಫೀಸರ್ರೇ ಬಿಡಿ!"

ಅಮ್ಮ ದಿನಾ ನಸುಕಿಗೇ ಎದ್ದು ಆಫೀಸರ್‌ಗೆ ಟಿಫಿನ್ ಕ್ಯಾರಿಯರ್ ತುಂಬತೊಡಗಿದಳು. ನಾನು ದಿನಾ ಹೊತ್ತೆ.

ಒಂದು ದಿನ ಕ್ಯಾರಿಯರ್ ಮರೆತು ಹೋದೆ. ನಾನು ಆಸ್ಪತ್ರೆ ಸ್ಟಾಪಿನಲ್ಲಿ ಇಳಿಯುವುದನ್ನು ಪದ್ಮಾ ಆಂಟಿಯ ಯಜಮಾನರು ಬಸ್ಸಿನಿಂದ ನೋಡಿ ಅಮ್ಮನಿಗೆ ಹೇಳಿದ್ದರಂತೆ. ಮಗ ಅಲ್ಲೇ ಗುಮಾಸ್ತನಿರಬೇಕೆಂದುಕೊಂಡು ಅಮ್ಮ ಎರಡು ಬಸ್ಸು ಬದಲಿಸಿ, ಕ್ಯಾರಿಯರ್ ಸಮೇತ ಬಂದಳು.

ಅದೇ ಹೊತ್ತಿಗೆ ಡಾಕ್ಟರು, "ಮನೇಲಿ ದಿನಾ ಏನು ಕೇಳಿಸುತ್ತೆ, ಹೇಳಿ" ಎಂದಿದ್ದರು. ಬಿಡುತ್ತೇನೆಯೇ? ತಲೆಯ ಮೇಲೆ ಟವೆಲ್ಲಿನ ಸೆರಗು ಹೊದ್ದು ಅಮ್ಮನಾದೆ.

"ಸಾರಿಗೆ ಉಪ್ಪು ಜಾಸ್ತಿ ಆಯ್ತೇನೋ... ಅವರಿದ್ದಿದ್ರೆ ಹೇಳೋರು... ನಲ್ಲಿ ಇವತ್ತೂ ಬರಲಿಲ್ಲ... ಏನೋ, ಮಲಗಿದ್ಯಾ? ಹೋಗ್ಲಿ ಬಿಡು, ಗೋಡೆಗೇ ಹೇಳ್ಕೋತೀನಿ..."

ಗುಂಪು ಬಿದ್ದು ಬಿದ್ದು ನಕ್ಕಿತು. ಡಾಕ್ಟರೂ ನಕ್ಕರು! ನಾನು ಇನ್ನಷ್ಟು ಎಳೆದೆ. ನಗು ಒಮ್ಮೆಲೇ ನಿಂತಿತು. ತಿರುಗಿದರೆ, ಬಾಗಿಲಲ್ಲಿ ಅಮ್ಮ.

"ಅಮ್ಮಾ, ಇದು ಆಫೀಸಲ್ಲ... ಬೇಜಾರಿಗೆ ಚಿಕಿತ್ಸೆ..." ಎಂದು ತೊದಲಿದೆ. ಅವಳು ಕ್ಯಾರಿಯರನ್ನು ಮೇಜಿನ ಮೇಲಿಟ್ಟಳು. ಕೆಲಸದ ಸುದ್ದಿಯನ್ನೇ ಎತ್ತಲಿಲ್ಲ.

"ನಾನು ಆಡಿದ್ದೆಲ್ಲ ನಿಂಗೆ ಕೇಳಿಸ್ತಿತ್ತೇನೋ? ಮತ್ತೆ ಒಂದು ದಿನಾನೂ ಯಾಕೋ ಉತ್ತರ ಕೊಡ್ಲಿಲ್ಲ?"