ಒಂದೇ ಬಂದರಿನ ದೇಶ

ಚೀಟಿ ಎತ್ತಿದಾಗಲೇ ಅರುಣನ ಗ್ರಹಚಾರ ಕೆಟ್ಟಿತು. ಕುಮಟಾದ ಕಾಲೇಜಿನಲ್ಲಿ ಅಂದು ವಿದ್ಯಾರ್ಥಿಗಳ ಅಣಕು ವಿಶ್ವಸಂಸ್ಥೆ; ಚೀಟಿಯಲ್ಲಿ ಬಂದ ದೇಶದ ಪ್ರತಿನಿಧಿಯಾಗಿ ಆಡಬೇಕು. ಹೊನ್ನಾವರದ ದಿನಕರನಿಗೂ ಭಟ್ಕಳದ ರಂಜಿತಾಳಿಗೂ ದೊಡ್ಡ ದೊಡ್ಡ ದೇಶಗಳು ಬಂದವು. ಹಿರೇಗುತ್ತಿಯ ಅರುಣನ ಪಾಲಿಗೆ ಬಂದದ್ದು ಅವೆರಡರ ನಡುವಿನ, ಒಂದೇ ಬಂದರಿನ ಪುಟ್ಟ ದ್ವೀಪ.

"ಸಂಜೆಯೊಳಗೆ ತಮ್ಮ ದೇಶವನ್ನು ಚೆನ್ನಾಗಿ ಕಾಯ್ದುಕೊಂಡವರು ಧಾರವಾಡದ ಸ್ಪರ್ಧೆಗೆ" ಎಂದರು ರಾಜ್ಯಶಾಸ್ತ್ರದ ವಿನುತಾ ಮೇಡಂ. ಧಾರವಾಡಕ್ಕೆ ಹೊರಟೆನೆಂದು ಅರುಣ ಊರಿಡೀ ಹೇಳಿಯಾಗಿತ್ತು.

ಹಿಂದಿನ ಬೆಂಚಿನ ನಿತ್ಯಾನಂದ ಕಿವಿಯಲ್ಲಿ ಉಸುರಿದ: "ಸಣ್ಣ ದೇಶ ಮಾರಾಯ. ಯಾರನ್ನೂ ನಂಬ್ಬೇಡ."

ಕ್ಯಾಂಟೀನಿನಲ್ಲಿ ದಿನಕರ ಬಿಸಿ ಬನ್ಸಿನ ತಟ್ಟೆ ಮುಂದಿಟ್ಟ. "ನಿನ್ನ ಬಂದರದಲ್ಲಿ ನಮ್ಮ ಕಾವಲು ಹಡಗು ಒಂದಿರ್ಲಿ. ನಿಂಗೇ ರಕ್ಷಣೆ."

ಹೊಟ್ಟೆ ಚುರುಗುಟ್ಟಿದರೂ ಅರುಣ ಬನ್ಸನ್ನು ಗಾಳಕ್ಕೆ ಚುಚ್ಚಿದ ಎರೆಹುಳದಂತೆ ನೋಡಿದ. "ಬೇಡ. ಮೊದ್ಲು ನಿನ್ನ ದೇಶ ನೋಡ್ಕೊ. ರಂಜಿತಾ ದಾಳಿಗೆ ಹೊಂಚು ಹಾಕ್ತಿದ್ದಾಳೆ" ಎಂದು ಒಂದು ಸುಳ್ಳು ಬಿಟ್ಟ. ದಿನಕರ ಹೌಹಾರಿ ಎದ್ದುಹೋದ.

ಗ್ರಂಥಾಲಯದ ಮೆಟ್ಟಿಲಲ್ಲಿ ರಂಜಿತಾ ಅಡ್ಡಗಟ್ಟಿದಳು. "ಏ ಅರುಣ, ನಿಂಗೆ ರಡಾರ್ ಕೊಡ್ತೇನೆ. ಪುಕ್ಕಟೆ."

"ಪುಕ್ಕಟೆ ಎಂತಕ್ಕೆ?"

"ನೆರೆಯವ್ರಲ್ವನಾ!"

ಅರುಣ ಒಂದು ಮೆಟ್ಟಿಲು ಹಿಂದೆ ಸರಿದ. "ರಡಾರ್ ನೀನೇ ಇಟ್ಕೊ. ದಿನಕರ ನಿನ್ನ ದೇಶವನ್ನೇ ನುಂಗ್ಲಿಕ್ಕೆ ನೋಡ್ತಿದ್ದಾನೆ" ಎಂದು ಅವಳ ಕಿವಿಯಲ್ಲೂ ಒಂದು ಸುಳ್ಳು ಊದಿದ.

ಇಬ್ಬರೂ ಕಚ್ಚಾಡಲಿ, ನಮ್ಮ ದ್ವೀಪ ತಣ್ಣಗಿರಲಿ ಎಂದು ಬೀಗಿದವ ಊಟದ ಹೊತ್ತಿಗೆ ಹೊರಗೆ ಬಂದು ನೋಡುತ್ತಾನೆ: ಸೈಕಲ್ ಶೆಡ್ಡಿನ ನೆರಳಲ್ಲಿ ದಿನಕರ, ರಂಜಿತಾ ಪಿಸುಗುಡುತ್ತಿದ್ದಾರೆ! ಅರುಣ ಮೇಡಂ ಬಳಿ ಓಡಿದ. "ಮೇಡಂ, ಒಳಸಂಚು!"

"ಎರಡು ದೇಶ ಮಾತಾಡಿದ್ರೆ ತಪ್ಪೆಂತದೋ? ಹೋಗಿ ಊಟ ಮಾಡು."

ಅರುಣ ಊಟ ಬಿಟ್ಟು ಸೈಕಲ್ ಶೆಡ್ಡನ್ನೇ ನೋಡುತ್ತ ಕೂತ.

ನಾಲ್ಕು ಗಂಟೆಯ ಸಭೆಯಲ್ಲಿ ಇಬ್ಬರೂ ಒಟ್ಟಿಗೆ ಎದ್ದು ಒಂದೇ ಕಾಗದ ಓದಿದರು: "ನಡುವಿನ ದ್ವೀಪ ನಮ್ಮಿಬ್ಬರಿಗೂ ಸುಳ್ಳು ಹೇಳಿ ಯುದ್ಧ ಹಚ್ಚಲು ನೋಡಿದೆ. ಆದ್ದರಿಂದ ಎಲ್ಲರ ಭದ್ರತೆಗಾಗಿ ಅದರ ಬಂದರನ್ನು ನಾವಿಬ್ಬರೂ ಸೇರಿ ಕಾಯುತ್ತೇವೆ."

"ನನ್ನ ಕೇಳೂದಿಲ್ವಾ?" ಎಂದು ಅರುಣ ಕೂಗುವಷ್ಟರಲ್ಲಿ ಸಭೆಯ ಕೈಗಳೆಲ್ಲ ಮೇಲೆದ್ದಿದ್ದವು. ನಿತ್ಯಾನಂದನದೂ.

ಧಾರವಾಡದ ಪಟ್ಟಿಯಲ್ಲಿ ದಿನಕರ, ರಂಜಿತಾ ಎಂದು ಬರೆದುಕೊಂಡು ಮೇಡಂ ಹೊರಟರು. ಅರುಣ ಆ ಇಬ್ಬರನ್ನೂ ಬಾಗಿಲಲ್ಲಿ ತಡೆದು ಕೇಳಿದ: "ಆತು, ನಿಮ್ಮ ಹಡಗು ನಮ್ಮ ಬಂದರ ಬಿಡೂದು ಯಾವಾಗ?"

"ನೀ ನಮ್ಮನ್ನ ನಂಬಿದ ದಿನ" ಎಂದಳು ರಂಜಿತಾ.